ತಾನಾಗಿ ಮುಚ್ಚುವ ಬಾಗಿಲಿನ ಟೆನ್ಷನ್ ಸರಿಮಾಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಆಷಾಢದ ಗಾಳಿ ಶುರುವಾಯಿತೆಂದರೆ ಮೈಸೂರಿನ ಬಾಗಿಲುಗಳಿಗೆ ಎರಡು ರೋಗ. ಕೆಲವು ಧಡಾರ್ ಎಂದು ಹೊಡೆದುಕೊಳ್ಳುತ್ತವೆ. ಇನ್ನು ಕೆಲವು ಮುಚ್ಚುತ್ತಾ ಬಂದು, ಚೌಕಟ್ಟಿಗೆ ಎರಡು ಬೆರಳು ಜಾಗ ಇರುವಾಗ ಸುಮ್ನೆ ನಿಂತುಬಿಡುತ್ತವೆ. ಎರಡಕ್ಕೂ ಜನ ಮಾಡುವ ಔಷಧ ಒಂದೇ. ಸ್ಟೂಲ್ ಹತ್ತಿ, ಡೋರ್ ಕ್ಲೋಸರ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದ ಸ್ಕ್ರೂ ಹಿಡಿದು ತಿರುಗಿಸುವುದು.

ಅಲ್ಲೇ ಕೆಲಸ ಕೆಡುವುದು. ಬಾಗಿಲು ಮುಚ್ಚುವ ಬಲ ಬೇರೆ, ಮುಚ್ಚುವ ವೇಗ ಬೇರೆ. ಬಲ ಸ್ಪ್ರಿಂಗ್‌ನದು, ವೇಗ ಎಣ್ಣೆಯದು. ಇವೆರಡಕ್ಕೂ ಬೇರೆ ಬೇರೆ ಸ್ಕ್ರೂ ಇರುತ್ತವೆ. ಬಾಗಿಲು ತೆರೆದಾಗ ಕ್ಲೋಸರ್ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಕೈ ಬಿಟ್ಟಾಗ ಅದು ಬಿಚ್ಚಿಕೊಳ್ಳುತ್ತಾ ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಮುಂದಿನ ಎಣ್ಣೆ ಸಣ್ಣ ದಾರಿಯಲ್ಲಿ ನುಸುಳಿ ಆಚೆ ಹೋಗಬೇಕು, ಇಂಜೆಕ್ಷನ್ ಸಿರಿಂಜಿನ ಹಾಗೆ. ಆ ದಾರಿಯನ್ನು ಕಿರಿದು ಮಾಡುವ, ಅಗಲ ಮಾಡುವ ಸ್ಕ್ರೂಗಳೇ ವಾಲ್ವ್‌ಗಳು. ಬಾಗಿಲು ಜೋರಾಗಿ ಬಡಿಯುತ್ತಿದ್ದರೆ ಮುಟ್ಟಬೇಕಾದ್ದು ವಾಲ್ವ್ ಅನ್ನು, ಸ್ಪ್ರಿಂಗನ್ನಲ್ಲ. ಸ್ಪ್ರಿಂಗ್ ಬಿಗಿ ಮಾಡಬೇಕಾದ ಸಂದರ್ಭ ನಿಜಕ್ಕೂ ಕಡಿಮೆ. ಆದರೂ ಅದನ್ನೇ ಎಲ್ಲರೂ ಮೊದಲು ಮಾಡುತ್ತಾರೆ!

ನಿಮ್ಮ ಬಾಗಿಲಿಗೆ ಇರುವುದು ಯಾವುದು?

ಬಾಗಿಲಿನ ಮೇಲ್ಭಾಗದಲ್ಲಿ ಒಂದು ಲೋಹದ ಪೆಟ್ಟಿಗೆ, ಅದರಿಂದ ಮೊಣಕೈಯಂತೆ ಮಡಚುವ ತೋಳು ಇದ್ದರೆ ಅದು ಹೈಡ್ರಾಲಿಕ್ ಡೋರ್ ಕ್ಲೋಸರ್. ಕ್ಲಿನಿಕ್, ಟ್ಯೂಷನ್ ಸೆಂಟರ್, ಅಪಾರ್ಟ್‌ಮೆಂಟ್ ಮೆಟ್ಟಿಲು, ಎಸಿ ರೂಮ್ ಎಲ್ಲ ಕಡೆ ಇರುವುದು ಇದೇ. ಸೊಳ್ಳೆ ಜಾಲರಿಯ ಬಾಗಿಲಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಹಿಂಜ್ ಅಥವಾ ಸಣ್ಣ ಕೊಳವೆಯಂಥ ಕ್ಲೋಸರ್ ಇರುತ್ತದೆ. ಅಂಗಡಿ, ಬ್ಯಾಂಕಿನ ಗಾಜಿನ ಬಾಗಿಲಿಗೆ ನೆಲದೊಳಗೆ ಕೂತ ಫ್ಲೋರ್ ಸ್ಪ್ರಿಂಗ್. ಮೊದಲನೆಯದನ್ನೇ ಇಲ್ಲಿ ಹೆಚ್ಚು ಹೇಳುತ್ತೇನೆ, ಏಕೆಂದರೆ ಹೊಂದಿಸಲು ಹೆಚ್ಚು ಅವಕಾಶ ಇರುವುದು, ಹೆಚ್ಚು ಹಾಳು ಮಾಡಿಕೊಳ್ಳುವುದು ಎರಡೂ ಅದರಲ್ಲೇ.

ಬೇಕಾದ ಸಾಮಾನು ಇಷ್ಟು: ಅಲುಗಾಡದ ಸ್ಟೂಲ್, ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಸ್ಟಾರ್ ಸ್ಕ್ರೂಡ್ರೈವರ್, ಅಲೆನ್ ಕೀ ಸೆಟ್, ಒಂದು ಸ್ಪ್ಯಾನರ್, ಮಾರ್ಕರ್ ಪೆನ್ನು, ಮೊಬೈಲಿನ ಸ್ಟಾಪ್‌ವಾಚ್. ಪ್ರಯಾಣಕ್ಕೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲಿದ್ದರೆ ಅದನ್ನೂ ತೆಗೆದಿಟ್ಟುಕೊಳ್ಳಿ, ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲು ಬಾಗಿಲು, ಆಮೇಲೆ ಕ್ಲೋಸರ್

ಈ ಹಂತವನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಬಾಗಿಲನ್ನು ಪೂರ್ತಿ ಮುಚ್ಚಿ, ತೋಳಿನ ಮೊಣಕೈಯಲ್ಲಿರುವ ಸ್ಕ್ರೂ ಬಿಚ್ಚಿ, ತೋಳಿನ ಎರಡು ಭಾಗಗಳನ್ನು ಬೇರ್ಪಡಿಸಿ. ಬಾಗಿಲು ಮುಚ್ಚಿದ್ದಾಗಲೂ ಸ್ಪ್ರಿಂಗ್ ಸ್ವಲ್ಪ ಬಿಗಿಯಲ್ಲೇ ಇರುತ್ತದೆ. ಹಾಗಾಗಿ ಸ್ಕ್ರೂ ಬಿಟ್ಟ ಕೂಡಲೇ ತೋಳು ಪಟ್ಟನೆ ಪಕ್ಕಕ್ಕೆ ಸರಿಯಬಹುದು. ಒಂದು ಕೈಯಲ್ಲಿ ತೋಳನ್ನು ಹಿಡಿದಿರಿ, ಮುಖ ದೂರ ಇರಲಿ.

ಈಗ ಬಾಗಿಲನ್ನು ಕೈಯಿಂದ ನಿಧಾನವಾಗಿ ಆಡಿಸಿ. ಒಳ್ಳೆಯ ಬಾಗಿಲು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲಬೇಕು. ತಾನಾಗಿ ತೆರೆದುಕೊಳ್ಳುತ್ತಾ ಹೋದರೆ ಚೌಕಟ್ಟು ವಾಲಿದೆ ಅಥವಾ ಹಿಂಜ್‌ಗಳು ಒಂದೇ ಗೆರೆಯಲ್ಲಿಲ್ಲ ಎಂದರ್ಥ. ಮೇಲಿನ ಹಿಂಜ್‌ನ ಸ್ಕ್ರೂ ಸಡಿಲಾಗಿ ಬಾಗಿಲು ಜೋತುಬಿದ್ದಿರುವುದೇ ಹೆಚ್ಚು. ಹಿಡಿ ಹಿಡಿದು ಬಾಗಿಲನ್ನು ಮೇಲಕ್ಕೆ ಎತ್ತಿ ನೋಡಿ. ಲೊಟಕ್ ಎಂದು ಅಲುಗಿದರೆ ಸ್ಕ್ರೂ ಬಿಗಿ ಮಾಡಿ. ತೂತು ದೊಡ್ಡದಾಗಿ ಸ್ಕ್ರೂ ಹಿಡಿಯದಿದ್ದರೆ, ಫೆವಿಕಾಲ್ ಸವರಿದ ಬಿದಿರು ಕಡ್ಡಿ ಜಡಿದು, ಒಣಗಿದ ಮೇಲೆ ಉದ್ದನೆಯ ಸ್ಕ್ರೂ ಹಾಕಿ.

ಬಾಗಿಲು ನೆಲಕ್ಕೋ ಚೌಕಟ್ಟಿಗೋ ಉಜ್ಜುತ್ತಿದೆಯಾ ನೋಡಿ. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬುತ್ತದೆ, ಅದರಲ್ಲೂ ಬಾತ್‌ರೂಮಿನ ಫ್ಲಶ್ ಡೋರ್‌ನ ಕೆಳತುದಿ. ಹಾಗಂತ ಜುಲೈನಲ್ಲಿ ಬಡಗಿಯನ್ನು ಕರೆಸಿ ರಂದ ಹೊಡೆಸಬೇಡಿ. ಮಾರ್ಚ್ ಬಂದಾಗ ಮರ ಒಣಗಿ ಸಂದಿ ಬೀಳುತ್ತದೆ. ಸದ್ಯಕ್ಕೆ ಉಜ್ಜುವ ಜಾಗಕ್ಕೆ ಮೇಣದ ಬತ್ತಿ ಸವರಿದರೆ ಸಾಕು. ಬಿಸಿಲು ಬಂದ ಮೇಲೆ ಒಣಗಿದ ಕೆಳಅಂಚಿಗೆ ಬಣ್ಣ ಅಥವಾ ವಾರ್ನಿಷ್ ಬಳಿಯಿರಿ. ಬಾಗಿಲು ನೇತುಹಾಕುವವರು ಆ ಅಂಚನ್ನು ಬಳಿಯದೇ ಬಿಟ್ಟಿರುವುದೇ ಜಾಸ್ತಿ.

ಹಿಂಜ್ ಕಿರುಗುಟ್ಟಿದರೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮೈಸೂರಿನ ಜನವರಿ ಬೆಳಗ್ಗೆ ನಿಮ್ಮ ಬಾತ್‌ರೂಮಿನ ಬಾಟಲಿಯಲ್ಲಿ ಏನಾಗಿರುತ್ತದೋ ಹಿಂಜ್ ಒಳಗೂ ಅದೇ ಆಗಿರುತ್ತದೆ. ಮೇಲಿಂದ ಧೂಳು ಸೇರಿ ಅಂಟು.

ಕೊನೆಗೆ ಲಾಕ್‌ನ ನಾಲಿಗೆ. ನಾಲಿಗೆಯ ತುದಿಗೆ ಸ್ವಲ್ಪ ಕುಂಕುಮ ಹಚ್ಚಿ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮತ್ತೆ ತೆರೆಯಿರಿ. ಚೌಕಟ್ಟಿನ ತಗಡಿನಲ್ಲಿ ಗುರುತು ಎಲ್ಲಿ ಬಿತ್ತು? ತೂತಿನ ಕೆಳ ಅಂಚಿಗೆ ಬಡಿದಿದ್ದರೆ ಬಾಗಿಲು ಇಳಿದಿದೆ. ಹಿಂಜ್ ಬಿಗಿ ಮಾಡಿ, ಇಲ್ಲವೇ ತಗಡನ್ನು ಸ್ವಲ್ಪ ಕೆಳಗೆ ಸರಿಸಿ, ಅಥವಾ ಅರದಿಂದ ಆ ಅಂಚನ್ನು ಉಜ್ಜಿ. ‘ಕೊನೆಯಲ್ಲಿ ನಿಂತುಬಿಡುತ್ತೆ’ ಎನ್ನುವ ಎಷ್ಟೋ ಬಾಗಿಲುಗಳು ಇಷ್ಟಕ್ಕೇ ಸರಿಹೋಗುತ್ತವೆ. ಕ್ಲೋಸರ್ ಮುಟ್ಟುವ ಅಗತ್ಯವೇ ಬರುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ತೋಳು ಜೋಡಿಸಿದ ಮೇಲೆ ಮಾಡಿ. ಕೋಣೆಯ ಕಿಟಕಿಯೊಂದನ್ನು ತೆರೆದಿಟ್ಟು ಬಾಗಿಲು ಬಿಡಿ. ಕಿಟಕಿ ಮುಚ್ಚಿದ್ದಾಗ ನಿಲ್ಲುತ್ತಿದ್ದ ಬಾಗಿಲು ಈಗ ಸಲೀಸಾಗಿ ಮುಚ್ಚಿಕೊಂಡರೆ, ಅಡ್ಡ ಬರುತ್ತಿರುವುದು ಕೋಣೆಯೊಳಗೆ ಸಿಕ್ಕಿಬಿದ್ದ ಗಾಳಿ. ಎಸಿ ರೂಮುಗಳಲ್ಲಿ ಇದು ತೀರ ಸಾಮಾನ್ಯ.

ತೋಳನ್ನು ಮತ್ತೆ ಜೋಡಿಸುವಾಗ ಒಂದು ವಿಷಯ ಗಮನಿಸಿ. ಪೆಟ್ಟಿಗೆ ಬಾಗಿಲನ್ನು ಎಳೆದು ತೆರೆಯುವ ಕಡೆ ಇದ್ದರೆ, ಬಾಗಿಲು ಮುಚ್ಚಿದಾಗ ಚೌಕಟ್ಟಿಗೆ ಸೇರಿದ ತೋಳಿನ ತುಂಡು ಚೌಕಟ್ಟಿಗೆ ನೇರ 90 ಡಿಗ್ರಿಯಲ್ಲಿ ನಿಲ್ಲಬೇಕು. ಆ ತುಂಡಿನ ಉದ್ದವನ್ನು ಹೆಚ್ಚು ಕಡಿಮೆ ಮಾಡಲು ಅದರಲ್ಲೇ ತಿರುಗಿಸುವ ಮರೆ (ಥ್ರೆಡ್) ಇರುತ್ತದೆ. ಓರೆಯಾಗಿ ಜೋಡಿಸಿದರೆ ಕೊನೆಯಲ್ಲಿ ಎಳೆಯುವ ಬಲ ಕಡಿಮೆಯಾಗುತ್ತದೆ. ಅವಸರದಲ್ಲಿ ಕೂರಿಸಿದ ಕ್ಲೋಸರ್‌ಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಸ್ಪ್ರಿಂಗ್‌ನ ಟೆನ್ಷನ್

ಬಾಗಿಲು ಸರಿ ಇದೆ ಎಂದು ಖಾತ್ರಿಯಾದ ಮೇಲೆ ಸ್ಪ್ರಿಂಗ್‌ಗೆ ಬನ್ನಿ. ಮೊದಲು ಪೆಟ್ಟಿಗೆಯ ಮೇಲೋ ಅದರ ಡಬ್ಬಿಯ ಮೇಲೋ ಇರುವ ಅಳತೆ ನೋಡಿ. ಯುರೋಪಿನ ಇಎನ್ 1154 ಮಾನದಂಡದಲ್ಲಿ ಕ್ಲೋಸರ್‌ಗಳಿಗೆ 1ರಿಂದ 7ರವರೆಗೆ ಸೈಜ್ ಇದೆ. ನಮ್ಮಲ್ಲಿ ಸಿಗುವವುಗಳ ಮೇಲೂ ಇದೇ ನಂಬರ್ ಇರುವುದು ರೂಢಿ. ಸೈಜ್ 2 ಎಂದರೆ 850 ಮಿ.ಮೀ. ಅಗಲ, 40 ಕೆ.ಜಿ.ವರೆಗಿನ ಬಾಗಿಲಿಗೆ. ಸೈಜ್ 3 ಎಂದರೆ 950 ಮಿ.ಮೀ., 60 ಕೆ.ಜಿ. ಸೈಜ್ 4 ಎಂದರೆ 1100 ಮಿ.ಮೀ., 80 ಕೆ.ಜಿ. ತೂಕಕ್ಕಿಂತ ಅಗಲವೇ ಇಲ್ಲಿ ಹೆಚ್ಚು ಮುಖ್ಯ. ಮೂರು ಅಡಿ ಅಗಲದ ಫ್ಲಶ್ ಡೋರ್ ತೂಗುವುದು ಸುಮಾರು 35ರಿಂದ 40 ಕೆ.ಜಿ. ಆದರೆ ಅಗಲ 914 ಮಿ.ಮೀ. ಆಯಿತಲ್ಲ, ಅದಕ್ಕೆ ಸೈಜ್ 3 ಬೇಕು. ಮೂರೂವರೆ ಅಡಿಯ ತೇಗದ ಮುಂಬಾಗಿಲಿಗೆ 4.

ಪೆಟ್ಟಿಗೆಯ ಮೇಲೆ ‘2–4’ ಎಂಬಂತೆ ಇದ್ದರೆ ಸ್ಪ್ರಿಂಗ್ ಹೊಂದಿಸಬಹುದು. ಒಂದೇ ನಂಬರ್ ಇದ್ದರೆ ಸ್ಪ್ರಿಂಗ್ ಬಲ ಬದಲಾಗುವುದಿಲ್ಲ. ಅಂಥದ್ದರಲ್ಲಿ ಕೆಲವಕ್ಕೆ ತೋಳಿನ ಬ್ರ್ಯಾಕೆಟ್ಟನ್ನು ತಿರುಗಿಸಿ ಹಾಕಿ, ಅಥವಾ ಇನ್ನೊಂದು ತೂತಿಗೆ ಸರಿಸಿ ಬಲವನ್ನು ತುಸು ಹೆಚ್ಚು ಕಡಿಮೆ ಮಾಡಬಹುದು. ಇಲ್ಲದ ಸ್ಕ್ರೂ ಹುಡುಕುತ್ತಾ ಎಣ್ಣೆಯ ಸ್ಕ್ರೂ ಬಿಚ್ಚಬೇಡಿ.

ಸ್ಪ್ರಿಂಗ್ ಸ್ಕ್ರೂ ಸಾಮಾನ್ಯವಾಗಿ ಪೆಟ್ಟಿಗೆಯ ಒಂದು ತುದಿಯಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಅಲೆನ್ ಕೀ ಅಥವಾ ಸ್ಪ್ಯಾನರ್ ಹಿಡಿಯುವ ದಪ್ಪ ತಲೆ. ವಾಲ್ವ್ ಸ್ಕ್ರೂಗಳಾದರೆ ಪೆಟ್ಟಿಗೆಯ ಮುಖದಲ್ಲೋ ಪಕ್ಕದಲ್ಲೋ ಸಣ್ಣಗೆ, ಜೋಡಿಯಾಗಿ ಇರುತ್ತವೆ. ಸ್ಪ್ರಿಂಗ್ ಸ್ಕ್ರೂವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಲ ಹೆಚ್ಚು, ಎದುರು ದಿಕ್ಕಿಗೆ ಕಡಿಮೆ. ಪಕ್ಕದಲ್ಲಿ ಪ್ಲಸ್, ಮೈನಸ್ ಗುರುತು ಇದ್ದರೆ ಅದನ್ನೇ ನಂಬಿ. ಇಲ್ಲಿ ಒಂದೊಂದು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು, ಕಾಲು ಸುತ್ತಿಗೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಸುತ್ತು ತಿರುಗಿಸಿದಿರಿ ಎಂದು ಚೌಕಟ್ಟಿನ ಮೇಲುಗಡೆ ಮಾರ್ಕರ್‌ನಲ್ಲಿ ಬರೆದಿಡಿ. ಎರಡೂ ತುದಿಯಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬಲ ಹಾಕಬೇಡಿ.

ಎಷ್ಟು ಟೆನ್ಷನ್ ಸಾಕು? ಕಿಟಕಿ ಮುಚ್ಚಿ, ಬಾಗಿಲನ್ನು ಒಂದು ಗೇಣಿನಷ್ಟು ಮಾತ್ರ ತೆರೆದು ಬಿಡಿ. ಅಲ್ಲಿಂದಲೇ ಹೋಗಿ ನಾಲಿಗೆ ಕೂತರೆ ಸಾಕು, ಇನ್ನು ಒಂದು ಸುತ್ತೂ ಬೇಡ. ಕೂರದಿದ್ದರೆ ತಕ್ಷಣ ಸ್ಪ್ರಿಂಗ್ ಬಿಗಿ ಮಾಡಲು ಹೋಗಬೇಡಿ. ಮೊದಲು ಕೊನೆಯ ಹಂತದ ವಾಲ್ವನ್ನು (ಅದು ಯಾವುದೆಂದು ಮುಂದೆ ‘ಈಗ ವೇಗ’ ಭಾಗದಲ್ಲಿ ಹೇಳಿದ್ದೇನೆ) ಕಾಲು ಸುತ್ತಿನ ಅರ್ಧದಷ್ಟು, ಅಂದರೆ ಎಂಟನೇ ಒಂದು ಸುತ್ತು, ಸಡಿಲಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಸ್ಪ್ರಿಂಗ್.

ಸೂಟ್‌ಕೇಸ್ ತಕ್ಕಡಿ ಬೇಕಾಗುವುದು ಈಗ. ಬಾಗಿಲನ್ನು ತುಸು ತೆರೆದು, ನಾಲಿಗೆ ಬಿಟ್ಟುಕೊಂಡ ಮೇಲೆ, ಹಿಡಿಗೆ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ಅಮೆರಿಕದ ಅಂಗವಿಕಲರ ಕಾನೂನಿನ ಮಾನದಂಡ ಒಳಬಾಗಿಲುಗಳಿಗೆ ಇಟ್ಟಿರುವ ಮಿತಿ ಸುಮಾರು 22 ನ್ಯೂಟನ್, ತಕ್ಕಡಿಯಲ್ಲಿ ಹೆಚ್ಚು ಕಡಿಮೆ 2.3 ಕೆ.ಜಿ. ನಮ್ಮ ಮನೆಗೆ ಆ ಕಾನೂನು ಅನ್ವಯಿಸುವುದಿಲ್ಲ, ನಿಜ. ಆದರೆ ಮನೆಯಲ್ಲಿ ಅಜ್ಜಿ ಇದ್ದರೆ, ಊರುಗೋಲು ಹಿಡಿದವರು ಬರುವ ಕ್ಲಿನಿಕ್ ಆಗಿದ್ದರೆ, ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಬಾಗಿಲು ತೆರೆಯಲು ಭುಜ ಕೊಡಬೇಕಾಗಿ ಬಂದರೆ ಟೆನ್ಷನ್ ಜಾಸ್ತಿಯಾಗಿದೆ.

ಅಪಾರ್ಟ್‌ಮೆಂಟಿನ ಮೆಟ್ಟಿಲಿನ ಅಗ್ನಿನಿರೋಧಕ ಬಾಗಿಲಿಗೆ ಮಾತ್ರ ಈ ಮೆದುತನ ಸಲ್ಲದು. ಇಎನ್ 1154 ಪ್ರಕಾರ ಅಂಥ ಬಾಗಿಲಿಗೆ ಸೈಜ್ 3ಕ್ಕಿಂತ ಕಡಿಮೆ ಬಲ ಇರಬಾರದು. ಅದು ತಾನಾಗಿ ಮುಚ್ಚಿ ನಾಲಿಗೆ ಕೂರಲೇಬೇಕು. ‘ಹೋಗಿ ಬರೋಕೆ ಕಷ್ಟ’ ಎಂದು ಇಟ್ಟಿಗೆ ಒಡ್ಡುವುದು, ಹಗ್ಗ ಕಟ್ಟುವುದು ಬೇಡ. ಬೆಂಕಿ ಬಿದ್ದ ದಿನ ಹೊಗೆ ಮೆಟ್ಟಿಲಿಗೆ ನುಗ್ಗುವುದು ಆ ದಾರಿಯಲ್ಲೇ.

ಈಗ ವೇಗ

ಸ್ಪ್ರಿಂಗ್ ಬದಲಾದರೆ ವೇಗವೂ ಬದಲಾಗುತ್ತದೆ. ಅದಕ್ಕೇ ವಾಲ್ವ್‌ಗಳನ್ನು ಕೊನೆಗೆ ಇಟ್ಟುಕೊಂಡಿದ್ದು. ಸಾಮಾನ್ಯವಾಗಿ ಎರಡು ವಾಲ್ವ್ ಇರುತ್ತವೆ. 1 ಮತ್ತು 2 ಎಂದೋ, ‘ಎಸ್’ ಮತ್ತು ‘ಎಲ್’ ಎಂದೋ ಗುರುತು. ಒಂದು, ಬಾಗಿಲು ಪೂರ್ತಿ ತೆರೆದಲ್ಲಿಂದ ಸುಮಾರು 15 ಡಿಗ್ರಿ ಉಳಿಯುವವರೆಗಿನ ಓಟ. ಇನ್ನೊಂದು, ಆ ಕೊನೆಯ 15 ಡಿಗ್ರಿ. ಗುರುತು ಅಳಿಸಿದ್ದರೆ ಒಂದನ್ನು ಎಂಟನೇ ಒಂದು ಸುತ್ತು ಬಿಗಿ ಮಾಡಿ ಬಾಗಿಲು ಬಿಟ್ಟು ನೋಡಿ. ನಿಧಾನವಾದದ್ದು ಯಾವ ಭಾಗ ಎಂದು ತಾನೇ ಹೇಳುತ್ತದೆ.

ಶುರುಮಾಡುವ ಮುಂಚೆ ಎರಡೂ ಸ್ಕ್ರೂಗಳ ಗೀರು ಯಾವ ಕಡೆಗಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ನಿಧಾನ, ಎದುರು ದಿಕ್ಕಿಗೆ ಜೋರು. ಒಂದು ಸಲಕ್ಕೆ ಒಂದೇ ಸ್ಕ್ರೂ. ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ಬಾಗಿಲನ್ನು 90 ಡಿಗ್ರಿ ತೆರೆದು ಬಿಟ್ಟು, ಸ್ಟಾಪ್‌ವಾಚ್ ಒತ್ತಿ.

ಮೊದಲು ಓಟದ ವಾಲ್ವ್. 90 ಡಿಗ್ರಿಯಿಂದ ಪೂರ್ತಿ ಮುಚ್ಚಲು ಒಟ್ಟು ಐದರಿಂದ ಏಳು ಸೆಕೆಂಡ್ ಹಿಡಿದರೆ ಮನೆಗೆ ಸರಿ. ಹಿರಿಯರು, ಗಾಲಿಕುರ್ಚಿಯವರು ಓಡಾಡುವ ಕಡೆ 90ರಿಂದ 12 ಡಿಗ್ರಿಗೆ ಬರಲಿಕ್ಕೇ ಐದು ಸೆಕೆಂಡ್ ಬೇಕು. ಮೇಲೆ ಹೇಳಿದ ಅಮೆರಿಕದ ಮಾನದಂಡದಲ್ಲೂ ಇರುವುದು ಅದೇ.

ಆಮೇಲೆ ಕೊನೆಯ ಹಂತದ ವಾಲ್ವ್. ಇದು ನಾಜೂಕಿನ ಕೆಲಸ. ತೀರ ನಿಧಾನ ಮಾಡಿದರೆ ನಾಲಿಗೆ ಕೂರುವುದಿಲ್ಲ, ಜೋರು ಮಾಡಿದರೆ ಢಬ್ ಎನ್ನುತ್ತದೆ. ನಾಲಿಗೆ ಕೂತ ‘ಕ್ಲಿಕ್’ ಮಾತ್ರ ಕೇಳಬೇಕು, ಮರ ಚೌಕಟ್ಟಿಗೆ ಬಡಿದ ಸದ್ದು ಕೇಳಬಾರದು. ಮಕ್ಕಳಿರುವ ಮನೆಯಲ್ಲಿ ಸ್ವಲ್ಪ ನಿಧಾನದ ಕಡೆಗೇ ಇಡಿ. ಆದರೆ ಹಿಂಜ್ ಕಡೆಯ ಸಂದಿಯಲ್ಲಿ ಬೆರಳು ಸಿಕ್ಕಿದರೆ ನಿಧಾನದ ಬಾಗಿಲೂ ನಜ್ಜುಗುಜ್ಜು ಮಾಡುತ್ತದೆ, ನಿಧಾನವಾದರೆ ಅಪಾಯವಿಲ್ಲ ಎಂಬ ಭ್ರಮೆ ಬೇಡ.

ಮೂರನೇ ವಾಲ್ವ್ ಇದ್ದರೆ ಅದು ಬ್ಯಾಕ್‌ಚೆಕ್. ಬಾಗಿಲನ್ನು ರಭಸವಾಗಿ ತೆರೆದಾಗ ಸುಮಾರು 70–75 ಡಿಗ್ರಿ ದಾಟಿದ ಮೇಲೆ ತಡೆಯುತ್ತದೆ, ಗೋಡೆಗೆ ಬಡಿಯದಂತೆ. ಇದನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಆದರೆ ಇದನ್ನು ಸ್ಟಾಪರ್ ಎಂದುಕೊಳ್ಳಬೇಡಿ. ನೆಲಕ್ಕೋ ಗೋಡೆಗೋ ರಬ್ಬರ್ ಸ್ಟಾಪರ್ ಬೇರೆಯಾಗಿ ಇರಲೇಬೇಕು. ಇಲ್ಲದಿದ್ದರೆ ಏಟೆಲ್ಲ ತೋಳಿಗೆ, ತೋಳಿನಿಂದ ಸ್ಕ್ರೂಗಳಿಗೆ.

ವಾಲ್ವ್ ಸ್ಕ್ರೂವನ್ನು ಪೆಟ್ಟಿಗೆಯ ಮೈಮಟ್ಟಕ್ಕಿಂತ ಹೊರಗೆ ಬರುವಷ್ಟು ಎಂದೂ ಬಿಚ್ಚಬೇಡಿ. ಒತ್ತಡದಲ್ಲಿರುವ ಎಣ್ಣೆ ಚಿಮ್ಮಿ ಹೊರಬರುತ್ತದೆ. ಅಲ್ಲಿಗೆ ಆ ಕ್ಲೋಸರ್ ಕಥೆ ಮುಗಿಯಿತು. ಪೂರ್ತಿ ಒಳಗೆ ಬಿಗಿದು ಬಾಗಿಲನ್ನು ಒತ್ತಿ ಮುಚ್ಚಿದರೂ ಸೀಲ್‌ಗಳು ಹೋಗುತ್ತವೆ. ಕ್ಲೋಸರ್ ಇರುವ ಬಾಗಿಲನ್ನು ಕೈಯಿಂದ ತಳ್ಳಿ ಮುಚ್ಚುವ ಅಭ್ಯಾಸವೇ ಒಳ್ಳೆಯದಲ್ಲ.

ಋತು ಬದಲಾದಂತೆ ವೇಗವೂ ತುಸು ಬದಲಾಗುತ್ತದೆ. ಏಪ್ರಿಲ್ ಮಧ್ಯಾಹ್ನದ ಸೆಕೆಗೆ ಎಣ್ಣೆ ತೆಳುವಾಗಿ ಬಾಗಿಲು ಚುರುಕಾಗುತ್ತದೆ. ಜನವರಿ ಬೆಳಗ್ಗೆಯ ಚಳಿಗೆ ಎಣ್ಣೆ ದಪ್ಪವಾಗಿ ಮಂದವಾಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ, ಬಿಸಿಲು ನೇರ ಬೀಳುವ ಬಾಗಿಲಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹೊಂದಿಸುವುದಿದ್ದರೆ ಬೆಳಗ್ಗೆ ಹತ್ತರ ಹೊತ್ತಿಗೆ ಹೊಂದಿಸಿ, ಎರಡು ಅತಿಗಳ ನಡುವೆ ಬರುತ್ತದೆ.

ಗಾಳಿಯ ಜೊತೆ ಕುಸ್ತಿ ಬೇಡ

ಆಷಾಢದಲ್ಲಿ ಬಾಗಿಲು ನಿಲ್ಲುತ್ತಿಲ್ಲವೆಂದು ಸ್ಪ್ರಿಂಗ್ ಬಿಗಿ ಮಾಡುವವರಿಗೆ ಒಂದು ಲೆಕ್ಕ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಬಾಗಿಲಿಗೆ ಗಂಟೆಗೆ 30 ಕಿ.ಮೀ. ವೇಗದ ಗಾಳಿ ನೇರ ಬಡಿದರೆ, ಹಿಡಿಯ ಬಳಿ ಸುಮಾರು 4 ಕೆ.ಜಿ. ತೂಕದಷ್ಟು ತಳ್ಳುತ್ತದೆ. ಅದನ್ನು ಸೋಲಿಸುವ ಸ್ಪ್ರಿಂಗ್ ಹಾಕಿದರೆ ಗಾಳಿ ಇಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯುವುದೇ ದಂಡನೆ. ಮುಂಬಾಗಿಲು, ಹಿಂಬಾಗಿಲು ಒಂದೇ ಸಾಲಿನಲ್ಲಿರುವ ಹಳೆಯ ಮನೆಗಳಲ್ಲಿ ನಡುವಿನ ಒಂದು ಕಿಟಕಿ ಮುಚ್ಚಿದರೆ ಅರ್ಧ ತೊಂದರೆ ಕಡಿಮೆ. ತೆರೆಯುವ ಕಡೆಗೆ ಗಾಳಿ ಎಳೆದೊಯ್ಯುತ್ತಿದ್ದರೆ ಬ್ಯಾಕ್‌ಚೆಕ್ ಇರುವ ಮಾದರಿ ತನ್ನಿ.

ಜಾಲರಿ ಬಾಗಿಲಿನ ಸ್ಪ್ರಿಂಗ್ ಹಿಂಜ್

ಇದರಲ್ಲಿ ಎಣ್ಣೆ ಇಲ್ಲ, ವೇಗದ ಸ್ಕ್ರೂ ಇಲ್ಲ. ಇರುವುದು ಟೆನ್ಷನ್ ಮಾತ್ರ. ಹಿಂಜ್‌ನ ಕೊಳವೆಯ ತುದಿಯಲ್ಲಿ ಸುತ್ತ ತೂತುಗಳಿರುವ ಬಿಲ್ಲೆ, ಒಂದು ತೂತಿನಲ್ಲಿ ಸಣ್ಣ ಪಿನ್ನು. ಬಾಗಿಲು ಮುಚ್ಚಿಟ್ಟು, ಮೇಲಿನ ಕುಳಿಗೆ ಅಲೆನ್ ಕೀ ಹಾಕಿ, ಬಿಗಿಯಾಗುವ ಕಡೆಗೆ ತುಸು ತಿರುಗಿಸಿ. ಆಗ ಪಿನ್ನಿನ ಮೇಲಿನ ಭಾರ ಇಳಿಯುತ್ತದೆ. ಕೀಯನ್ನು ಗಟ್ಟಿಯಾಗಿ ಹಿಡಿದೇ ಇಕ್ಕಳದಿಂದ ಪಿನ್ನು ತೆಗೆಯಿರಿ. ಬಿಗಿ ಬೇಕಾದರೆ ಮುಂದಿನ ತೂತು ಬರುವವರೆಗೆ ತಿರುಗಿಸಿ, ಸಡಿಲ ಬೇಕಾದರೆ ಹಿಂದಿನ ತೂತಿಗೆ ಮೆಲ್ಲಗೆ ಬಿಟ್ಟುಕೊಟ್ಟು ಪಿನ್ನು ಹಾಕಿ. ಕೈ ಜಾರಿದರೆ ಕೀ ಗಿರ್ರನೆ ತಿರುಗಿ ಬೆರಳಿಗೆ ಬಡಿಯುತ್ತದೆ.

ಒಂದು ಸಲಕ್ಕೆ ಒಂದು ತೂತು. ಮೇಲಿನ ಹಿಂಜ್‌ಗೆ ಎಷ್ಟೋ ಕೆಳಗಿನದಕ್ಕೂ ಅಷ್ಟೇ. ಇಲ್ಲದಿದ್ದರೆ ಅಲ್ಯೂಮಿನಿಯಂ ಚೌಕಟ್ಟು ಓರೆಯಾಗಿ, ಜಾಲರಿಯ ಮೂಲೆಯಲ್ಲಿ ಸಂದಿ ಬೀಳುತ್ತದೆ. ಸೊಳ್ಳೆಗೆ ಅಷ್ಟೇ ಸಾಕು ಅಲ್ವಾ? ಸದ್ದು ಕಡಿಮೆಯಾಗಲು ಚೌಕಟ್ಟಿಗೆ ಫೋಮ್ ಪಟ್ಟಿ ಅಂಟಿಸಿ. ವೇಗ ತಗ್ಗಿಸಲು ಬೇರೆ ದಾರಿ ಇಲ್ಲಿಲ್ಲ.

ಕೊಳವೆಯಂಥ ಕ್ಲೋಸರ್ ಇದ್ದರೆ ಅದರ ತುದಿಯಲ್ಲಿ ಒಂದೇ ಸ್ಕ್ರೂ. ಬಲಕ್ಕೆ ತಿರುಗಿಸಿದರೆ ನಿಧಾನ, ಎಡಕ್ಕೆ ಜೋರು. ಕೊನೆಯಲ್ಲಿ ಎಳೆಯುವ ಬಲ ಕಡಿಮೆ ಎನಿಸಿದರೆ ಬ್ರ್ಯಾಕೆಟ್ಟಿನ ಇನ್ನೊಂದು ತೂತಿಗೆ ಪಿನ್ನು ಬದಲಿಸಿ.

ಗಾಜಿನ ಬಾಗಿಲು

ಫ್ಲೋರ್ ಸ್ಪ್ರಿಂಗ್‌ನ ಸ್ಟೀಲ್ ಮುಚ್ಚಳ ತೆಗೆದರೆ ವೇಗದ ವಾಲ್ವ್‌ಗಳು ಕಾಣುತ್ತವೆ, ಅವನ್ನು ಮೇಲಿನ ಕ್ರಮದಲ್ಲೇ ಹೊಂದಿಸಬಹುದು. ಬಾಗಿಲು ನಡುವೆ ಸರಿಯಾಗಿ ನಿಲ್ಲದೆ ಒಂದು ಕಡೆ ಓರೆಯಾದರೆ ಅದನ್ನು ಸರಿಪಡಿಸುವ ಸ್ಕ್ರೂಗಳು ಬೇರೆ ಇರುತ್ತವೆ. ಅದನ್ನು ಮಾತ್ರ ಗಾಜಿನ ಕೆಲಸದವರಿಗೇ ಬಿಡಿ. ಅಷ್ಟು ಭಾರದ ಗಾಜು ಪಿವಟ್‌ನಿಂದ ಜಾರಿದರೆ ತಡೆಯಲು ಆಗುವುದಿಲ್ಲ. ನೆಲ ಒರೆಸುವಾಗ ಬಕೆಟ್ ನೀರು ಸುರಿಯಬೇಡಿ ಎಂದು ಅಂಗಡಿಯ ಕೆಲಸದವರಿಗೆ ಹೇಳಿಡಿ. ಫ್ಲೋರ್ ಸ್ಪ್ರಿಂಗ್ ಸಾಯುವುದು ಹೆಚ್ಚಾಗಿ ತುಕ್ಕಿನಿಂದ.

ಯಾವಾಗ ಬದಲಿಸಬೇಕು?

ಪೆಟ್ಟಿಗೆಯ ಕೆಳಗೆ ಎಣ್ಣೆಯ ಜಿಡ್ಡು ಕಂಡರೆ, ಬಾಗಿಲಿನ ಮೇಲೆ ಕಪ್ಪು ಗೆರೆ ಇಳಿದಿದ್ದರೆ, ಅದಕ್ಕೆ ರಿಪೇರಿ ಇಲ್ಲ. ಎಣ್ಣೆ ತುಂಬಿಸಿ ಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ, ಸೀಲ್ ಹೋಗಿರುವಾಗ ಹಾಕಿದ ಎಣ್ಣೆಯೂ ಸೋರುತ್ತದೆ. ವಾಲ್ವ್ ಎಷ್ಟು ತಿರುಗಿಸಿದರೂ ವೇಗ ಬದಲಾಗದಿದ್ದರೆ ಅದೂ ಅಷ್ಟೇ.

ಹೊಸದು ತರಲು ಸಂತೆಪೇಟೆ, ಶಿವರಾಂಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಗೆ ಹೋಗುವ ಮುಂಚೆ ಬಾಗಿಲಿನ ಅಗಲ ಅಳೆದು ಬರೆದುಕೊಳ್ಳಿ. ಹಳೆಯ ಪೆಟ್ಟಿಗೆಯ ಸ್ಕ್ರೂ ತೂತುಗಳ ನಡುವಿನ ಅಂತರವನ್ನೂ ಅಳೆಯಿರಿ, ಅದು ಹೊಂದಿದರೆ ಬಾಗಿಲಿಗೆ ಮತ್ತೆ ತೂತು ಕೊರೆಯಬೇಕಿಲ್ಲ. ಹೈಡ್ರಾಲಿಕ್ ಕ್ಲೋಸರ್‌ಗೆ ನಮ್ಮ ದೇಶದ ಮಾನದಂಡ ಐಎಸ್ 3564, ಆ ಗುರುತು ಇದೆಯಾ ನೋಡಿ. ಪೆಟ್ಟಿಗೆಯನ್ನು ತಳ್ಳುವ ಕಡೆ ಕೂರಿಸಿ, ತೋಳನ್ನು ಚೌಕಟ್ಟಿಗೆ ಸಮಾನಾಂತರವಾಗಿ ಮಡಚುವ ವಿಧಾನವಾದರೆ ಬಲದಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ನಷ್ಟವಾಗುತ್ತದೆ. ಅದಕ್ಕೆ ಒಂದು ಸೈಜ್ ದೊಡ್ಡದೇ ಕೇಳಿ. ಡಬ್ಬಿಯೊಳಗೆ ತೂತುಗಳ ಅಳತೆಯ ಕಾಗದ ಇದೆಯೇ ಎಂದು ಅಂಗಡಿಯಲ್ಲೇ ಬಿಚ್ಚಿ ನೋಡಿ ತನ್ನಿ.